ಹಲಗೆಯ ಮೇಲಿನ ನೀಲಿಯವರು

ಮೊನ್ನೆ ಅಡುಗೆಮನೆಗೆ ಸುಣ್ಣ ಬಳಿಸಲೆಂದು ಹಲಗೆಯ ಮೇಲಿನ ಡಬ್ಬಿಗಳನ್ನು ಕೆಳಗಿಳಿಸುತ್ತಿದ್ದೆ. ಎಲ್ಲ ಡಬ್ಬಿಗಳೂ ಮರ್ಯಾದೆಯಿಂದ ಇಳಿದು ಬಂದವು. ಅಗಸಿ ಹಿಂಡಿಯ, ಅಂದರೆ ಅಗಸೆ ಚಟ್ನಿಪುಡಿಯ, ಡಬ್ಬಿ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ವರ್ಷಗಟ್ಟಲೆ ಎಣ್ಣೆ ಇಳಿದು ಅಲ್ಲೇ ಅಂಟಿಕೊಂಡುಬಿಟ್ಟಿತ್ತು. ಉಳ್ಳಾಗಡ್ಡಿ ಹೆಚ್ಚುವ ಚಾಕು ತೂರಿಸಿ ಎಬ್ಬಿಸಿದಾಗ ಅದರಡಿಯಲ್ಲಿ ಒಂದು ನುಣುಪಾದ ಹಾಳೆ ಕಂಡಿತು. ಹಾಳೆಯ ಮೇಲೆ ದುಂಡಗೆ ಎಣ್ಣೆಯ ಕಲೆ, ಕಲೆಯ ನಡುವೆ ಒಂದು ನೀಲಿ ರೇಸ್ ಕಾರು. ಕಾರಿನ ಹಿಂಭಾಗ ಪೂರ್ತಿ ಬಿಚ್ಚಿತ್ತು. ಐದಾರು ಜನ ಸುತ್ತ ಬಗ್ಗಿ ಒಳಗೆ ಇಣುಕುತ್ತಿದ್ದರು. ನಾನು ಸ್ಟೂಲಿನ ಮೇಲೆ ನಿಂತೇ ನಗತೊಡಗಿದೆ. ಸುಣ್ಣದವನು ಪಾಪ, ತನ್ನ ಬ್ರಷ್ಷಿನಲ್ಲೇನೋ ತಪ್ಪಿರಬೇಕೆಂದು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ಪಕ್ಕದ ಮನೆಯ ಸುಷ್ಮಾ ಕಾಲೇಜು ಓದುವ ಹುಡುಗಿ. ಅವಳಿಗೆ ಈಚೆಗೆ ಕಾರ್ ರೇಸಿನ ಹುಚ್ಚು ಹತ್ತಿದೆ. ನನಗೂ ಅದರ ಗಂಧಗಾಳಿ ಇದೆಯೆಂದು ಯಾರೋ ಹೇಳಿದರಂತೆ. “ಆಯೀ, ನಾ ಹೊಸದಾಗಿ ನೋಡಾಕತ್ತೇನ್ರಿ. ಯಾವ ಟೀಮ್ ಹಿಡೀಲ್ರಿ?” ಎಂದು ಕೇಳಿದಳು. ಅವಳ ಫೋನಿನಲ್ಲಿ ಎಲ್ಲ ತಂಡಗಳ ಜಾತಕವೂ ಇದೆ. ಅಷ್ಟಿದ್ದೂ ನನ್ನನ್ನು ಕೇಳಿದಳಲ್ಲ ಎಂದು ನಾನು ಉಬ್ಬಿಹೋದೆ. ಆದರೆ ನನ್ನ ರೇಸಿನ ವಿದ್ಯೆಯೆಲ್ಲ ಹಿಂಡಿ, ಪುಡಿ, ಬೆಲ್ಲದ ಡಬ್ಬಿಗಳ ಅಡಿಯಿಂದ ಬಂದದ್ದು. ನನ್ನ ಗುರು ನನ್ನ ಅತ್ತೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

ನಾನು ಜೇವರ್ಗಿಯವಳು. ಎಂಬತ್ತರ ದಶಕದ ಮಧ್ಯದಲ್ಲಿ ಅಫಜಲಪುರದ ಈ ಮನೆಗೆ ಸೊಸೆಯಾಗಿ ಬಂದೆ. ಬರುವಾಗ ನನ್ನ ಹೆಸರು ಶಕುಂತಲಾ ಎಂದಿತ್ತು. ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಗಂಡನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸುವ ಪದ್ಧತಿ ಸೊಲ್ಲಾಪುರದ ಕಡೆಯಿಂದ ನಮ್ಮ ಕೆಲವು ಮನೆಗಳಿಗೂ ಬಂದಿತ್ತು. ನನ್ನ ನಾದಿನಿಯ ಹೆಸರೂ ಶಕುಂತಲಾ. ಒಂದೇ ಮನೆಯಲ್ಲಿ ಇಬ್ಬರು ಶಕುಂತಲೆಯರಿದ್ದರೆ ಕರೆದಾಗ ಇಬ್ಬರೂ ಓಡಿ ಬಂದಾರು, ಇಲ್ಲವೇ ಇಬ್ಬರೂ ಬಾರದೆ ಇದ್ದಾರು ಎಂದು ಹಿರಿಯರು ತೀರ್ಮಾನಿಸಿ ನನ್ನನ್ನು ಮಹಾದೇವಿ ಮಾಡಿದರು. ಅಕ್ಕಿಯಲ್ಲಿ ಬರೆದ ಹೆಸರನ್ನು ನಾನೂ ನೋಡಿದೆ. ಚೆಂದದ ಹೆಸರೇ. ಆದರೆ ಅದು ನನ್ನದೆಂದು ನನ್ನ ಕಿವಿಗೆ ಯಾರೂ ಹೇಳಿರಲಿಲ್ಲ. ಅತ್ತೆ “ಮಹಾದೇವೀ” ಎಂದರೆ ನಾನು ಯಾರೋ ಬಂದಿರಬೇಕೆಂದು ಬಾಗಿಲ ಕಡೆ ನೋಡುತ್ತಿದ್ದೆ, ಇಲ್ಲವೇ ಸುಮ್ಮನೆ ಹಿಟ್ಟು ನಾದುತ್ತ ಕೂತಿರುತ್ತಿದ್ದೆ. ತವರಿನವರು ಕಿವುಡಿಯನ್ನು ಗಂಟು ಹಾಕಿದರೆಂದು ತಿಳಿದು ಅತ್ತೆ ಎರಡು ತಿಂಗಳು ನನ್ನೊಡನೆ ಹೊಲದಲ್ಲಿ ಹಕ್ಕಿ ಓಡಿಸುವ ದನಿಯಲ್ಲಿ ಮಾತಾಡಿದರು. ನಾನೂ ತಿದ್ದಲಿಲ್ಲ. ಒಬ್ಬಳೇ ಇದ್ದಾಗ ಮಾತ್ರ ನನ್ನ ಹಳೆಯ ಹೆಸರನ್ನು ಬಾಯೊಳಗೇ ಒಮ್ಮೆ ಅಂದುಕೊಳ್ಳುತ್ತಿದ್ದೆ. ಯಾರೂ ಕರೆಯದಿದ್ದರೆ ನನಗೇ ಮರೆತುಹೋದೀತೆಂಬ ಹೆದರಿಕೆ ನಿಜವಾಗಿಯೂ ಇತ್ತು.

ನಾದಿನಿ ಮರುವರ್ಷವೇ ಗಂಡನ ಮನೆಗೆ ಹೋದಳು; ಹಗಲೆಲ್ಲ ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ನಮ್ಮವರಿಗೆ ಆಳಂದದಲ್ಲಿ ನೌಕರಿ; ಶನಿವಾರದ ಬಸ್ಸಿಗೆ ಬಂದು ಸೋಮವಾರದ ಬಸ್ಸಿಗೆ ಹೋಗುತ್ತಿದ್ದರು. ಮೈದುನ ಶಿವಶರಣನದು ಬಜಾರದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಅವನು ಮಾಲು ತರಲು ಸೊಲ್ಲಾಪುರಕ್ಕೆ ಹೋದಾಗ ನಟ್ಟು ಬೋಲ್ಟು ಕಟ್ಟಿಕೊಡಲು ರದ್ದಿ ಕಾಗದ ತರುತ್ತಿದ್ದ. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಮೂಟೆ ವಿದೇಶಿ ಮೋಟಾರು ಪತ್ರಿಕೆಗಳನ್ನು ಹೊತ್ತು ತಂದ. ಆ ನುಣುಪು ಹಾಳೆ ಎಣ್ಣೆ ಹೀರುವುದಿಲ್ಲ, ಮಡಚಿದರೆ ನಿಲ್ಲುವುದಿಲ್ಲ, ಬೋಲ್ಟುಗಳು ಜಾರಿ ಗಿರಾಕಿಯ ಕಾಲ ಮೇಲೆ ಬೀಳುತ್ತವೆ. ಮೂಟೆ ಹಾಗೆಯೇ ಅಡುಗೆಮನೆಗೆ ಬಂತು. ನಾನು ಹಾಳೆಗಳನ್ನು ಬಿಡಿಸಿ ಡಬ್ಬಿ ಇಡುವ ಹಲಗೆಗಳಿಗೆಲ್ಲ ಹಾಸಿದೆ. ಆ ಮನೆಯಲ್ಲಿ ನಾನು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಕೆಲಸವದು, ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅತ್ತೆ ಬಂದು ಮೇಲಿಂದ ಕೆಳಗೆ ನೋಡಿದರು. ಬೈಯಲಿಲ್ಲ. ಇವರೆಲ್ಲ ಯಾರು, ಯಾವ ಊರಿನವರು, ಯಾಕೆ ಹೀಗೆ ಮಲಗಿಕೊಂಡು ಗಾಡಿ ಓಡಿಸುತ್ತಾರೆ ಎಂದು ಕೇಳಿದರು.

ಆವತ್ತಿನಿಂದ ಮಧ್ಯಾಹ್ನದ ಓದು ಶುರುವಾಯಿತು. ಊಟವಾದ ಮೇಲೆ ಅತ್ತೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕೂರುವರು, ನಾನು ಮೂಟೆಯಿಂದ ಒಂದು ಪತ್ರಿಕೆ ಎಳೆದು ನನ್ನ ಪಿಯುಸಿ ಇಂಗ್ಲಿಷಿನಲ್ಲಿ ತಡಕಾಡಿ ಕನ್ನಡ ಮಾಡಿ ಹೇಳುವೆ. ಮೊದಲ ಕಾಲದಲ್ಲಿ ಗಾಡಿಗಳಿಗೆ ದೇಶದ ಬಣ್ಣವಿತ್ತೆಂದು ಅದರಲ್ಲಿ ಬರೆದಿತ್ತು. ಇಟಲಿಗೆ ಕೆಂಪು, ಇಂಗ್ಲೆಂಡಿಗೆ ಹಸಿರು, ಫ್ರಾನ್ಸಿಗೆ ನೀಲಿ, ಜರ್ಮನಿಗೆ ಬಿಳಿ, ಆಮೇಲೆ ಬೆಳ್ಳಿ. ಕೆಂಪಿನವರು ಎಂಜಿನ್ನೂ ತಾವೇ ಮಾಡುವರು, ಗಾಡಿಯೂ ತಾವೇ. ಹೊರಗಿನದೇನನ್ನೂ ಮುಟ್ಟದ, ನಮ್ಮೂರ ವಾಡೆಯ ಗೌಡರಂಥ ಹಳೆಯ ಮನೆತನ. ಅತ್ತೆ ಅವರಿಗೆ ‘ವಾಡೇದವರು’ ಎಂದು ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಕೆಲವರು ಶೆಡ್ಡುಗಳಲ್ಲಿ ಕೂತು ಗಾಡಿ ಕಟ್ಟಿದರು; ಎಂಜಿನ್ನು ಮಾತ್ರ ಕೊಂಡು ತಂದದ್ದು, ಅದೂ ಎಲ್ಲ ಶೆಡ್ಡಿಗೂ ಒಂದೇ ಎಂಜಿನ್ನು. ದೊಡ್ಡ ಮನೆಯವರು ಇವರನ್ನು ಗ್ಯಾರೇಜಿನ ಮಂದಿಯೆಂದು ಹೀಯಾಳಿಸಿದರಂತೆ. ಅತ್ತೆಗೆ ಅದು ಸರಿಬರಲಿಲ್ಲ. “ಗಿರಣ್ಯಾಗ ಎಲ್ಲಾರೂ ಒಂದ ಜ್ವಾಳ ಬೀಸಿಸ್ತಾರ. ರೊಟ್ಟಿ ಎಲ್ಲಾರದೂ ಒಂದ ಆಗ್ತದೇನು?” ಎಂದರು. ಗ್ಯಾರೇಜಿನ ಮಂದಿ ಮುಂದೆ ವಾಡೇದವರನ್ನೇ ಸೋಲಿಸಿದರೆಂದು ಓದಿದಾಗ ಅವರು ಬೇಳೆಯ ಮೊರ ಕೆಳಗಿಟ್ಟು, ಮತ್ತೊಮ್ಮೆ ಓದು ಎಂದರು.

ನೀವು ಈಗಷ್ಟೇ ರೇಸು ನೋಡಲು ಕೂತವರಾದರೆ ಒಂದು ಮಾತು ಹೇಳಿಬಿಡುತ್ತೇನೆ. ಇತಿಹಾಸವನ್ನು ವರ್ಷದ ಕ್ರಮದಲ್ಲಿ ಓದಿ. ನಾವು ಹಾಗೆ ಓದಲಿಲ್ಲ. ರದ್ದಿಯವನು ಪತ್ರಿಕೆಗಳ ಮುಖಪುಟ ಹರಿದೇ ತೂಕ ಹಾಕುತ್ತಿದ್ದ. ಹಾಗಾಗಿ ಯಾವುದು ಎಪ್ಪತ್ತರ ದಶಕದ್ದು, ಯಾವುದು ಎಂಬತ್ತರ ದಶಕದ್ದು ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕೆಂಬುದೇ ತಿಳಿದಿರಲಿಲ್ಲ. ಸೋಮವಾರ ಓದಿದ ಹಾಳೆಯಲ್ಲಿ ಒಬ್ಬ ಚಾಲಕ ಕೆಂಪು ಮನೆಯಲ್ಲಿರುತ್ತಿದ್ದ, ಮಂಗಳವಾರ ಇಂಗ್ಲಿಷರ ಶೆಡ್ಡಿನಲ್ಲಿ, ಬುಧವಾರ ಮತ್ತೆ ಕೆಂಪಿನಲ್ಲಿ. ಜಗಳ ಮಾಡಿಕೊಂಡು ತವರಿಗೆ ಓಡಿಹೋಗಿ, ಸಮಾಧಾನವಾದ ಮೇಲೆ ಬರುತ್ತಾನೆಂದು ಅತ್ತೆ ಅರ್ಥ ಮಾಡಿಕೊಂಡರು. ಒಂದು ಗಾಡಿಗೆ ಮುಂದೆ ನಾಲ್ಕು, ಹಿಂದೆ ಎರಡು, ಒಟ್ಟು ಆರು ಗಾಲಿಗಳಿದ್ದವು. ಅದು ಅಚ್ಚಿನ ದೋಷವೆಂದು ನಾನು ಅಧಿಕಾರವಾಣಿಯಿಂದ ಹೇಳಿದೆ. ಅದು ನಿಜಕ್ಕೂ ಓಡಿದ, ಗೆದ್ದ ಗಾಡಿಯೆಂದು ಆರು ತಿಂಗಳ ನಂತರ ಇನ್ನೊಂದು ಹಾಳೆಯಲ್ಲಿ ಓದಿ ನಾಲಿಗೆ ಕಚ್ಚಿಕೊಂಡೆ. ಹಸಿರು ಮನೆಯೊಂದು ಒಂದು ಹಾಳೆಯಲ್ಲಿ ಹಸಿರು, ಮುಂದಿನದರಲ್ಲಿ ಸಿಗರೇಟು ಪೊಟ್ಟಣದ ಬಣ್ಣ. ಸಿಗರೇಟಿನವರು ಹಣ ಕೊಟ್ಟು ಗಾಡಿಗೆ ತಮ್ಮ ಬಣ್ಣ ಹಚ್ಚಿಸುತ್ತಾರೆಂದು ಹೇಳಿದ ದಿನ ಅತ್ತೆ ಆ ಹಾಳೆಯನ್ನು ಮೇಲಿನ ಹಲಗೆಯಿಂದ ತೆಗೆಸಿ ಸೀಮೆಎಣ್ಣೆಯ ಡಬ್ಬಿಯ ಕೆಳಗೆ ಹಾಕಿಸಿದರು.

ಫ್ರೆಂಚರು ಗಾಳಿ ಊದುವ ಚಿಕ್ಕ ಎಂಜಿನ್ನು ತಂದ ಕಥೆ ಅವರಿಗೆ ಬಹಳ ಇಷ್ಟ. ಮೊದಮೊದಲು ಅದು ಬುಸ್ಸೆಂದು ಹೊಗೆಯುಗುಳಿ ದಾರಿಯಲ್ಲೇ ನಿಲ್ಲುತ್ತಿತ್ತು, ನೋಡಿದವರೆಲ್ಲ ನಕ್ಕರು. ಕೆಲವೇ ವರ್ಷಗಳಲ್ಲಿ ನಕ್ಕವರೆಲ್ಲ ಅದನ್ನೇ ಹಾಕಿಕೊಂಡರು. ನಮ್ಮ ಮನೆಗೆ ಮೊದಲ ಕುಕ್ಕರು ಬಂದಾಗ ಅತ್ತೆ ಅದರ ಸೀಟಿಗೆ ಹೆದರಿ ಅಂಗಳದಲ್ಲಿ ನಿಂತಿದ್ದರಂತೆ. ಅದನ್ನು ನೆನೆದು ತಮ್ಮನ್ನು ತಾವೇ ಆಡಿಕೊಂಡು ನಕ್ಕರು. ಒಂದು ತಂಡಕ್ಕೆ ಇಬ್ಬರು ಚಾಲಕರಿರುವ ವಿಚಾರವನ್ನಂತೂ ನಾನು ವಿವರಿಸುವ ಮೊದಲೇ ಅವರು ವಿವರಿಸಿದರು. ಒಂದೇ ಒಲೆಯ ಊಟ, ಆದರೆ ಒಬ್ಬರ ಮೇಲೊಬ್ಬರಿಗೆ ಕಣ್ಣು, ಅಂದರೆ ನೆಗೆಣ್ಣಿಯರು, ಒಂದೇ ಮನೆಯ ಇಬ್ಬರು ಸೊಸೆಯರು. ಗೆದ್ದವನಿಗೊಂದು ಬಹುಮಾನ, ಇಬ್ಬರ ಅಂಕವನ್ನೂ ಕೂಡಿಸಿ ಮನೆತನಕ್ಕೇ ಇನ್ನೊಂದು ಬಹುಮಾನ ಎಂದಾಗ, ಇದನ್ನು ಮಾಡಿದವನು ಸಂಸಾರಸ್ಥನೇ ಇರಬೇಕು ಎಂದರು.

ಆದರೆ ಅತ್ತೆ ಹಿಡಿದದ್ದು ವಾಡೇದವರನ್ನಲ್ಲ, ಫ್ರೆಂಚರನ್ನೂ ಅಲ್ಲ. ಇಂಗ್ಲೆಂಡಿನ ಒಂದು ಬಡ ಶೆಡ್ಡಿನ ನೀಲಿ ತಂಡವಿತ್ತು. ಅವರ ಫೋಟೋ ಎಲ್ಲೇ ಬರಲಿ, ಗಾಡಿ ನಿಂತಿರುತ್ತಿತ್ತು. ಹಿಂಭಾಗ ಬಿಚ್ಚಿರುತ್ತಿತ್ತು, ಮಂದಿ ಬಗ್ಗಿರುತ್ತಿದ್ದರು. ಒಮ್ಮೊಮ್ಮೆ ಓಟಕ್ಕೆ ಸೇರಿಸಿಕೊಳ್ಳುವಷ್ಟು ವೇಗವೂ ಇಲ್ಲವೆಂದು ಹೊರಗೆ ಹಾಕುತ್ತಿದ್ದರು. ಆದರೂ ಮುಂದಿನ ಹಾಳೆಯಲ್ಲಿ ಅದೇ ಮಂದಿ ಮತ್ತೆ ಬಗ್ಗಿ ದುಡಿಯುತ್ತಿದ್ದರು. ಅತ್ತೆಗೆ ಅವರ ಮೇಲೆ ಪ್ರಾಣ. ‘ನಮ್ಮ ನೀಲಿಯವರು’ ಎನ್ನುತ್ತಿದ್ದರು. ಆ ಹಾಳೆಗಳನ್ನೆಲ್ಲ ಒಲೆಯೆದುರಿನ ಕೆಳಗಿನ ಹಲಗೆಗೆ ಹಾಸಿಸಿದರು, ರೊಟ್ಟಿ ಬಡಿಯಲು ಕೂತಾಗ ಕಣ್ಣಿಗೆ ಬೀಳಲಿ ಎಂದು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡ ಬೆರಳಿನಲ್ಲಿ ಉಳಿದದ್ದನ್ನು ಯಾರೂ ನೋಡದಾಗ ಆ ಗಾಡಿಗೂ ಒಂದಿಷ್ಟು ಒರೆಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನ ಕೂತೊಡನೆ ಮೊದಲ ಪ್ರಶ್ನೆ ಅದೇ: ನಮ್ಮವರದು ಏನು ಸುದ್ದಿ?

ನಾನು ಕೆಟ್ಟದ್ದು ಅಲ್ಲೇ. ಅತ್ತೆಯ ಒತ್ತಾಯಕ್ಕೆ ಶಿವಶರಣ ಅಂಥ ಮೂಟೆಗಳನ್ನು ಮತ್ತೆ ಮತ್ತೆ ತರುತ್ತಿದ್ದ; ಮೂರನೆಯದರಲ್ಲಿ ಒಂದು ಹಾಳೆ ಸಿಕ್ಕಿತು. ನೀಲಿ ತಂಡವನ್ನು ಯಾರೋ ಬಟ್ಟೆ ಕಂಪನಿಯವರು ಕೊಂಡುಕೊಂಡಿದ್ದಾರೆ, ಹೆಸರು ತೆಗೆದಿದ್ದಾರೆ, ಬಣ್ಣ ತೆಗೆದಿದ್ದಾರೆ, ಶೆಡ್ಡೂ ಕೆಲಸಗಾರರೂ ಮಾತ್ರ ಅವರೇ ಎಂದು ನಾಲ್ಕು ಸಾಲು ಬರೆದಿತ್ತು. ಅತ್ತೆ ಬೇಳೆಯಿಂದ ತಲೆಯೆತ್ತಿ ಕಾಯುತ್ತಿದ್ದರು. ಅಂಥ ಮುಖ ಅವರಿಗೆ ಇರುತ್ತಿದ್ದದ್ದು ದಿನಕ್ಕೆ ಆ ಒಂದು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಅವರು ಹಸಿಮೆಣಸಿನಕಾಯಿ. ಈ ಸುದ್ದಿ ಹೇಳಿದರೆ ಆ ಗಂಟೆಯೇ ಹೋದೀತೆಂದು ನನಗೆ ದಿಗಿಲಾಯಿತು. “ನಮ್ಮವರು ಈ ಸಲ ಆರನೇ ನಂಬರು ಬಂದಾರ್ರಿ ಅತ್ತೀ” ಎಂದುಬಿಟ್ಟೆ. ಹಾಳೆಯನ್ನು ಅಗಸಿ ಹಿಂಡಿಯ ಡಬ್ಬಿಯ ಕೆಳಗೆ, ಸುದ್ದಿಯ ಮುಖ ಅಡಿಯಾಗಿ, ಚಿತ್ರದ ಮುಖ ಮೇಲಾಗಿ ಹಾಸಿದೆ. ಆವತ್ತು ಅತ್ತೆ ಸಂಭ್ರಮಕ್ಕೆ ಹುಗ್ಗಿ ಮಾಡಿಸಿದರು.

ಒಂದು ಸುಳ್ಳಿಗೆ ಹುಗ್ಗಿ ಸಿಕ್ಕರೆ ಮನುಷ್ಯ ಎರಡನೆಯದಕ್ಕೆ ಹೆದರುವುದಿಲ್ಲ. ವರ್ಷಾನುಗಟ್ಟಲೆ ನಾನು ನೀಲಿಯವರನ್ನು ಬಾಯಲ್ಲೇ ಓಡಿಸಿದೆ. ಅವರಿಗೆ ಹೊಸ ಎಂಜಿನ್ನು ಕೊಡಿಸಿದೆ. ಮಳೆಯಲ್ಲಿ ಎಲ್ಲರೂ ಜಾರಿದಾಗ ಅವರನ್ನು ಮೂರನೆಯವರನ್ನಾಗಿ ತಂದೆ. ಒಮ್ಮೆ ಉತ್ಸಾಹ ಜಾಸ್ತಿಯಾಗಿ ಗೆಲ್ಲಿಸಿಯೂಬಿಟ್ಟೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಯಾಕೆಂದು ಕೇಳಿದವರಿಗೆ ನಮ್ಮವರು ಗೆದ್ದಾರ ಎಂದರು. ಓಣಿಯವರು ನನ್ನ ಗಂಡನಿಗೆ ಬಡ್ತಿಯಾಗಿದೆಯೆಂದು ತಿಳಿದು ಶನಿವಾರ ಬಸ್ಸು ಇಳಿದವರ ಕೈ ಕುಲುಕಿದರು. ಇವರು ಮನೆಗೆ ಬಂದು ತಮಗೆ ಬಡ್ತಿಯಾಗಿದೆಯಂತಲ್ಲ ಎಂದು ನನ್ನನ್ನೇ ಕೇಳಿದರು.

ಹೀಗೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅಫಜಲಪುರಕ್ಕೆ ಕೇಬಲ್ ಬಂತು. ಖಾಜಾಮಿಯಾ ಎಂಬುವರು ಮನೆಯಿಂದ ಮನೆಗೆ ಮಾಳಿಗೆಗಳ ಮೇಲಿಂದ ಕಪ್ಪು ವೈರು ಎಳೆದು ನಮ್ಮ ಟೀವಿಗೂ ಸಿಕ್ಕಿಸಿದರು. ಹೋಗುವಾಗ, “ಅಮ್ಮಾ, ಐತವಾರ ಸಂಜೀಕ ಮೋಟಾರ್ ರೇಸೂ ಬರ್ತದ ನೋಡ್ರಿ” ಎಂದು ಹೇಳಿಹೋದರು. ಅತ್ತೆಯ ಮುಖ ಅರಳಿತು. ಆ ವಾರವೆಲ್ಲ ನಾನು ಕರೆಂಟು ಹೋಗಲಿ ಎಂದು ಬೇಡಿಕೊಂಡೆ. ಬೇರೆ ದಿನ ಬೇಡದೆಯೇ ಹೋಗುತ್ತಿದ್ದ ಕರೆಂಟು ಆ ಭಾನುವಾರ ಗಟ್ಟಿಯಾಗಿ ನಿಂತಿತು. ಅತ್ತೆ ಇಳಕಲ್ಲ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಟೀವಿಯ ಮುಂದೆ ಕಂಬಳಿ ಹಾಸಿಕೊಂಡು ಕೂತರು. ಬೀಗರನ್ನು ಮೊದಲ ಸಲ ನೋಡುವವರ ಹಾಗಿದ್ದರು.

ಗಾಡಿಗಳು ಸಾಲಾಗಿ ನಿಂತವು. ಕೆಂಪಿನವರನ್ನು ಅತ್ತೆ ಕೂಡಲೇ ಗುರುತಿಸಿದರು. ಒಂದೊಂದೇ ಗಾಡಿಯನ್ನು ನೋಡುತ್ತ ಕೊನೆಯ ಸಾಲಿನವರೆಗೆ ಹೋದರು. ಕೊನೆಯಲ್ಲಿ ಹುಡುಕುವುದು ಅವರಿಗೆ ಅಭ್ಯಾಸವಾಗಿತ್ತು. ಅಲ್ಲಿಯೂ ಇರಲಿಲ್ಲ. ನನ್ನ ಕಡೆ ತಿರುಗಿ, ನಮ್ಮವರು ಎಲ್ಲಿದ್ದಾರೆ ಎಂದು ಕೇಳಿದರು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಗಾಡಿ ರಿಪೇರಿಯಲ್ಲಿದೆ ಎಂದು. ಆದರೆ ಆ ಇಳಕಲ್ಲ ಸೀರೆ ನೋಡಿ ನನಗೆ ಅಳು ಬಂತು.

“ಅವರು ಇಲ್ರಿ ಅತ್ತೀ. ಮಾರಿಬಿಟ್ಟಾರ, ಭಾಳ ವರ್ಷ ಆತು. ಹೆಸರೂ ಬದಲಾಗ್ಯದ. ನಾ ಓದಿ ಹೇಳಿದ್ದೆಲ್ಲ ಸುಳ್ಳರಿ.”

“ಹುಗ್ಗಿ ಮಾಡಿದ್ದು?”

“ಅದೂ ಸುಳ್ಳರಿ.”

ಅತ್ತೆ ಟೀವಿಯ ಕಡೆ ತಿರುಗಿದರು. ಟೀವಿಯಲ್ಲಿ ಗಾಡಿಗಳು ಕಿರುಚುತ್ತ ಸುತ್ತುತ್ತಿದ್ದವು. ಹತ್ತು ವರ್ಷದ ಮಧ್ಯಾಹ್ನಗಳು ಇಲ್ಲಿಗೆ ಮುಗಿದವೆಂದು ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ. ಆಮೇಲೆ ಅವರು ಬೇಳೆಯಲ್ಲಿ ಹರಳು ಹುಡುಕುವವರ ಹಾಗೆ ನಿಧಾನವಾಗಿ ಕೇಳಿದರು. ಶೆಡ್ಡು ಅದೇ ಇದೆಯೇ? ಅದೇ ಇದೆ ಎಂದೆ. ಬಗ್ಗಿ ನಿಲ್ಲುತ್ತಿದ್ದ ಮಂದಿ? ಅವರೂ ಅವರೇ ಎಂದು ಬರೆದಿತ್ತೆಂದೆ.

“ಹೆಸರು ಬದಲಾದ್ರ ಕೈ ಬದಲಾಗ್ತಾವೇನು? ಈಗ ಅವರ ಗಾಡಿ ಯಾವುದು, ತೋರಿಸು.”

ಪರದೆಯ ಕೆಳಗೆ ಓಡುತ್ತಿದ್ದ ಹೆಸರುಗಳಲ್ಲಿ ಬಟ್ಟೆಯವರ ಹೆಸರು ಹುಡುಕಿ ಬಣ್ಣಬಣ್ಣದ ಒಂದು ಗಾಡಿಯ ಕಡೆ ಬೆರಳು ಮಾಡಿದೆ. ಆಗಲೇ ನಾನೂ ಅದನ್ನು ಸರಿಯಾಗಿ ನೋಡಿದ್ದು. ಅದು ಎರಡನೆಯ ಸ್ಥಾನದಲ್ಲಿ ಓಡುತ್ತಿತ್ತು. ಟಯರು ಬದಲಿಸಲು ಒಳಗೆ ಬಂದಾಗ ಒಂದು ಹಿಂಡು ಮಂದಿ ಅದೇ ಹಳೆಯ ಠೀವಿಯಲ್ಲಿ ಬಗ್ಗಿದರು. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಗಾಡಿ ಹೊರಬಿತ್ತು. ಅತ್ತೆ ತೊಡೆ ತಟ್ಟಿದರು. ನಾನು ಹೇಳಿದ್ದೆಲ್ಲ ಸ್ವಲ್ಪ ಮುಂಚಿತವಾಗಿ ಹೇಳಿದ್ದೇ ಹೊರತು ಸುಳ್ಳಲ್ಲವೆಂದು ತೀರ್ಪು ಕೊಟ್ಟರು. ಇಷ್ಟು ದೊಡ್ಡ ಮನಸ್ಸಿನ ನ್ಯಾಯಾಧೀಶರನ್ನು ನಾನು ಮುಂದೆ ಕಾಣಲಿಲ್ಲ.

ಓಟ ಮುಗಿಯಿತು, ನಮ್ಮವರು ಎರಡನೆಯವರಾಗಿಯೇ ಉಳಿದರು. ಅತ್ತೆ ಟೀವಿ ಆರಿಸಲು ಹೇಳಿ, ಕಂಬಳಿಯ ಮೇಲೇ ಕೂತು, “ನನ್ನ ಹೆಸರು ಏನದ?” ಎಂದರು. ಗುರುಬಸಮ್ಮ ಅಲ್ಲವೇನ್ರಿ ಎಂದೆ. “ಅದು ಈ ಮನ್ಯಾಗ ಇಟ್ಟಿದ್ದು. ತವರು ಭೂಸನೂರಾಗ ನಾ ಸಕ್ರೆವ್ವ. ಹಂಗ ಕರಿಯೋರು ಒಬ್ಬರೂ ಉಳಿದಿಲ್ಲ ಈಗ.”

ಅವರ ಬಾಯಿಯಿಂದ ಆ ಹೆಸರು ಕೇಳಿ ನನಗೆ ಕಣ್ಣು ತುಂಬಿತು. ಕೂಡಲೇ ನಗುವೂ ಬಂತು. ಹಸಿಮೆಣಸಿನಕಾಯಿಗೆ ಸಕ್ರೆವ್ವ ಎಂದು ಹೆಸರಿಟ್ಟ ಭೂಸನೂರಿನ ಆ ಪುಣ್ಯಾತ್ಮರು ಯಾರೋ. ತಡೆಯಲು ನೋಡಿದೆ, ಆಗಲಿಲ್ಲ. ಅತ್ತೆ ಸಿಟ್ಟಿನಿಂದ ಒಮ್ಮೆ ನೋಡಿದರು, ಆಮೇಲೆ ತಾವೂ ಕಂಬಳಿಯ ಮೇಲೆ ಹೊರಳಾಡಿ ನಕ್ಕರು. ನಗು ನಿಂತ ಮೇಲೆ, ಅಕ್ಕಿಯಲ್ಲಿ ಉಂಗುರ ಆಡಿದ ದಿನ ನನ್ನ ಮುಖ ನೋಡಿ ತಮಗೆ ತಮ್ಮ ಮದುವೆ ನೆನಪಾಗಿತ್ತೆಂದೂ, ಆಗ ಬಾಯಿ ಬಿಡಲಾಗಲಿಲ್ಲವೆಂದೂ ಹೇಳಿದರು. “ನಮ್ಮ ಶಕ್ಕೂ ಗಂಡನ ಮನ್ಯಾಗ ಬ್ಯಾರೆ ಹೆಸರಿನಾಕಿ ಆಗಿ ಎಷ್ಟು ವರ್ಷಾತು. ಆ ಹೆಸರು ಇಲ್ಲಿ ಸುಮ್ಮ ಖಾಲಿ ಬಿದ್ದದ.” ಅಷ್ಟೇ ಹೇಳಿ ಎದ್ದುಹೋದರು.

ಮುಂದಿನ ರೇಸಿನ ಭಾನುವಾರ ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಅತ್ತೆಯ ದನಿ ಬಂತು, “ಶಕುಂತಲಾ, ನಮ್ಮವರು ಬಂದ್ರು, ಬಾ.” ನಾದಿನಿ ಊರಿಂದ ಬಂದಿರಬೇಕು, ಹೇಳದೆ ಕೇಳದೆ ಯಾವ ಬಸ್ಸಿಗೆ ಬಂದಳೋ, ಎರಡು ರೊಟ್ಟಿ ಹೆಚ್ಚಿಗೆ ಬೇಕಾಗುತ್ತದೆ ಎಂದುಕೊಂಡು ಹಿಟ್ಟಿನ ಡಬ್ಬಿಗೆ ಕೈ ಹಾಕಿದೆ. ಆಗ, ಹತ್ತು ವರ್ಷದಿಂದ ಕೇಳದಿದ್ದ ಆ ಹಕ್ಕಿ ಓಡಿಸುವ ದನಿ ಮಾಳಿಗೆ ಹಾರಿಹೋಗುವಂತೆ ಬಂತು.

“ಶಕುಂತಲಾ! ಮತ್ತ ಕಿವುಡ ಆದೇನು ಬೇ?”

ಹಿಟ್ಟಿನ ಕೈಯಲ್ಲೇ ಓಡಿದೆ. ಓಟದ ಮೊದಲ ಸುತ್ತು ಮುಗಿಯುವಷ್ಟರಲ್ಲಿ ತವೆಯ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು. ಆ ರಾತ್ರಿ ಅತ್ತೆ ಅದನ್ನೇ ಕೇಳಿ ಹಾಕಿಸಿಕೊಂಡು, ಹಾಲಿನಲ್ಲಿ ಮುರಿದು ಉಂಡರು.